ಸ್ಟ್ರಾಡಿವರಿ ಚೀಟಿ ಇರುವ ಹಳೆಯ ಪಿಟೀಲು: ದಾವಣಗೆರೆ, ಹರಿಹರದವರು ಗಮನಿಸಿ

ಹಳೆಯ ವಾದ್ಯಗಳನ್ನು ಕೊಂಡು ಮಾರುವ ವ್ಯಾಪಾರಿಯೊಬ್ಬರು ದಾವಣಗೆರೆಯಲ್ಲಿ ಸಂಗೀತ ಕಲಿಯುವ ಮಕ್ಕಳಿರುವ ಮನೆಗಳನ್ನು ವಿಚಾರಿಸಿಕೊಂಡು ಬಂದು, ಇಟಲಿಯ ಕ್ರೆಮೋನಾದ ಹೆಸರಾಂತ ವಾದ್ಯ ತಯಾರಕ ಆಂಟೋನಿಯೊ ಸ್ಟ್ರಾಡಿವರಿ ಕೈಯಾರೆ ಮಾಡಿದ್ದೆಂದು ಹೇಳಿ ಪಿಟೀಲು ತೋರಿಸುತ್ತಿದ್ದಾರೆ. ನಮ್ಮ ಮನೆಯವರು ಅವರಿಗೆ ಎರಡೂವರೆ ಲಕ್ಷ ರೂಪಾಯಿ ಕೊಟ್ಟು ಅಂಥದೊಂದನ್ನು ಕೊಂಡರು.

ವಾದ್ಯದೊಳಗೆ ‘ಆಂಟೋನಿಯಸ್ ಸ್ಟ್ರಾಡಿವೇರಿಯಸ್ ಕ್ರೆಮೊನೆನ್ಸಿಸ್’ ಎಂದೂ ಅದರ ಪಕ್ಕದಲ್ಲಿ 1721 ಎಂದೂ ಅಚ್ಚಾದ ಹಳದಿ ಚೀಟಿಯಿತ್ತು. ಅದೇ ವರ್ಷ ಸ್ಟ್ರಾಡಿವರಿ ಮಾಡಿದ ‘ಲೇಡಿ ಬ್ಲಂಟ್’ ಎಂಬ ಪಿಟೀಲು 2011ರಲ್ಲಿ ಸುಮಾರು 1 ಕೋಟಿ 59 ಲಕ್ಷ ಡಾಲರಿಗೆ ಹರಾಜಾದದ್ದು ನಿಜ. ಆ ಸುದ್ದಿಯನ್ನೇ ಮೊಬೈಲಿನಲ್ಲಿ ತೋರಿಸಿ, ಇದರ ಒಡೆಯರಿಗೆ ಬೆಲೆ ಗೊತ್ತಿಲ್ಲವಾದ್ದರಿಂದ ಇಷ್ಟು ಅಗ್ಗಕ್ಕೆ ಸಿಗುತ್ತಿದೆ ಎಂದು ಅವರು ನಂಬಿಸಿದರು.

ತಂತಿ ಬಿಗಿಯುವ ಬಿರಡೆ ನಿಲ್ಲುತ್ತಿರಲಿಲ್ಲವಾದ್ದರಿಂದ ವಾದ್ಯವನ್ನು ಬೆಂಗಳೂರಿನ ದುರಸ್ತಿಗಾರರೊಬ್ಬರ ಬಳಿಗೆ ಒಯ್ದಾಗ ನಿಜ ಹೊರಬಿತ್ತು. ಒಳ್ಳೆಯ ಪಿಟೀಲಿನ ಅಂಚಿನುದ್ದಕ್ಕೂ ಕಾಣುವ ಕಪ್ಪು ಗೆರೆ, ಸಣ್ಣ ಕಾಲುವೆ ಕೊರೆದು ಕೂರಿಸಿದ ಮರದ ಪಟ್ಟಿಯಾಗಿರುತ್ತದೆ; ಅಂಚಿನಲ್ಲಿ ಹುಟ್ಟಿದ ಬಿರುಕು ಒಳಕ್ಕೆ ಹರಡದಂತೆ ಅದು ತಡೆಯುತ್ತದೆ. ನಮ್ಮದರಲ್ಲಿ ಅದು ಬರೀ ಶಾಯಿಯ ಗೆರೆ. ಎಫ್ ಆಕಾರದ ರಂಧ್ರದಿಂದ ಸಣ್ಣ ಕನ್ನಡಿ ಇಳಿಸಿ ದೀಪ ಹಿಡಿದಾಗ ಚೀಟಿಯ ಕೆಳಸಾಲನ್ನು ಯಾರೋ ಕೆರೆದಿದ್ದು, ‘ಜರ್ಮನಿ’ ಎಂಬುದರ ಇಂಗ್ಲಿಷ್ ಅಕ್ಷರಗಳಲ್ಲಿ ಕೊನೆಯ ಮೂರು ಮಾತ್ರ ಉಳಿದಿದ್ದವು. ಸ್ಟ್ರಾಡಿವರಿ ತೀರಿಕೊಂಡದ್ದು 1737ರಲ್ಲಿ. ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕ ಕಾಯ್ದೆ ಮಾಡಿದ್ದು 1890ರಲ್ಲಿ. ಚೀಟಿಗಳಲ್ಲಿ ಇಂಗ್ಲಿಷಿನ ದೇಶದ ಹೆಸರು ಸಾಮಾನ್ಯವಾದದ್ದು ಆ ನಂತರವೇ.

ಜರ್ಮನಿಯ ಮಾರ್ಕ್‌ನ್ಯೂಕಿರ್ಷನ್, ಫ್ರಾನ್ಸಿನ ಮಿರ್ಕೂರ್‌ಗಳಲ್ಲಿ ಇಂಥ ಪಿಟೀಲುಗಳು ಲೆಕ್ಕವಿಲ್ಲದಷ್ಟು ತಯಾರಾಗಿವೆ. ಕತ್ತು ಕೆತ್ತುವವರು ಒಬ್ಬರು, ಮೈ ಜೋಡಿಸುವವರು ಇನ್ನೊಬ್ಬರು. ಹೀಗಾಗಿ ‘ಕೈಯಿಂದ ಮಾಡಿದ್ದು’ ಎಂಬ ಮಾತು ಪೂರ್ತಿ ಸುಳ್ಳೇನಲ್ಲ. ಸ್ಟ್ರಾಡಿವರಿಯ ಮಾದರಿಯನ್ನು ಅನುಸರಿಸಲಾಗಿದೆ ಎಂದು ಸೂಚಿಸಲು ಅವರು ಆ ಚೀಟಿ ಅಂಟಿಸುತ್ತಿದ್ದರು. ಕಲಿಯುವವರಿಗೆ ಸಾಲುವ ವಾದ್ಯವೇ ಹೊರತು ಎರಡೂವರೆ ಲಕ್ಷದ ಸರಕಲ್ಲ. ದೇಶದ ಹೆಸರನ್ನು ಕೆರೆದವರು ಯಾರೆಂದು ನಾನು ಹೇಳಲಾರೆ. ಆದರೆ ಕೊಳ್ಳುವ ಮುನ್ನ ಒಳಗೆ ದೀಪ ಬಿಟ್ಟು ನೋಡಲು ಮುಂದಾದಾಗ ‘ಹಳೇ ಮರ, ಮುಟ್ಟಬೇಡಿ’ ಎಂದು ವ್ಯಾಪಾರಿ ತಡೆದದ್ದಂತೂ ನಮ್ಮ ಕಣ್ಣೆದುರೇ ನಡೆದದ್ದು.

ಹಣ ವಾಪಸು ಕೇಳಿದಾಗ ಅವರು ರಸೀದಿ ನೋಡಿಕೊಳ್ಳಿ ಎಂದರು. ಅದರಲ್ಲಿ ‘ಹಳೆಯ ಪಿಟೀಲು ಒಂದು’ ಎಂದಷ್ಟೇ ಇದೆ. ಅದೃಷ್ಟಕ್ಕೆ, ಸ್ಟ್ರಾಡಿವರಿಯ ಹೆಸರು ಹೇಳಿ ಅವರು ಕಳಿಸಿದ ವಾಟ್ಸಾಪ್ ಸಂದೇಶಗಳು ನಮ್ಮಲ್ಲಿದ್ದು, ಅವುಗಳನ್ನು ಲಗತ್ತಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತಿದ್ದೇವೆ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು.

ಇದೇ ವ್ಯಾಪಾರಿ ಈಗ ಹರಿಹರದಲ್ಲಿ ಇನ್ನೊಂದು ಪಿಟೀಲು ತೋರಿಸುತ್ತಿದ್ದಾರೆಂದು ಕೇಳಿದ್ದೇನೆ. ಮುಂಗಡ ಕೊಡುವ ಮೊದಲು ಚೀಟಿಯ ಕೆಳಭಾಗದ ಫೋಟೊ ತೆಗೆದುಕೊಳ್ಳಿ, ತಯಾರಕರ ಹೆಸರನ್ನು ರಸೀದಿಯಲ್ಲಿ ಬರೆದು ಸಹಿ ಹಾಕಲು ಹೇಳಿ. ಒಪ್ಪದಿದ್ದರೆ ವಾದ್ಯವನ್ನು ಅವರ ಕೈಗೇ ಕೊಟ್ಟು ಕಳಿಸಿ.