ಜರ್ಮನ್ ಕಲಿಸುವ ಆಪ್‌ನ ಹೊಸ ರೂಪ: ಮೂರು ಸ್ಟಾರ್, ಕಾರಣ ಸಮೇತ

ಜರ್ಮನ್ ಕಲಿಯಲು ನಾನು ಬಳಸುವ ಆಪ್ ಈಚೆಗೆ ಪೂರ್ತಿ ಹೊಸ ರೂಪಕ್ಕೆ ಬದಲಾಯಿತು. ಆಪ್‌ನ ಹೆಸರು ಹೇಳುವುದಿಲ್ಲ. ಇಂಥ ಆಪ್‌ಗಳು ಹಲವು ಈಗ ಹೆಚ್ಚುಕಮ್ಮಿ ಒಂದೇ ದಾರಿ ಹಿಡಿದಿವೆ, ಹಾಗಾಗಿ ಬೇರೆ ಆಪ್ ಬಳಸುವವರಿಗೂ ಈ ವಿಮರ್ಶೆ ಉಪಯೋಗಕ್ಕೆ ಬರಬಹುದು. ಹಿಂದಿನ ರೂಪಕ್ಕೆ ಐದಕ್ಕೆ ಐದು ಸ್ಟಾರ್ ಕೊಟ್ಟಿದ್ದೆ. ಈಗ ಅದನ್ನು ಮೂರಕ್ಕೆ ಇಳಿಸಿದ್ದೇನೆ. ಆ ಎರಡು ಸ್ಟಾರ್ ಯಾಕೆ ಕಡಿಮೆಯಾದವು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಆಪ್ ತೆರೆದರೆ ವಿಷಯಗಳ ಪಟ್ಟಿ ಎದುರಿಗೇ ಇರುತ್ತಿತ್ತು. ಮನೆ, ಪ್ರಯಾಣ, ಕೆಲಸ, ಭೂತಕಾಲ, ವಿಭಕ್ತಿ ಹೀಗೆ. ಬೇಕಾದ್ದನ್ನು ಒತ್ತಿ ಒಳಗೆ ಹೋದರಾಯಿತು. ಈಗ ಆ ಪಟ್ಟಿ ಹೋಗಿ, ಅಂಕುಡೊಂಕಾಗಿ ಇಳಿಯುವ ಒಂದೇ ಒಂದು ಸಾಲು ಬಂದಿದೆ. ಸಾಲಿನ ತುಂಬ ದುಂಡನೆಯ ಬಟನ್‌ಗಳು. ಮುಂದಿನ ಪಾಠದ ಬಟನ್ ಮಾತ್ರ ಹೊಳೆಯುತ್ತದೆ, ಉಳಿದವೆಲ್ಲ ಮಂಕು. ಯಾವ ಬಟನ್ ಒಳಗೆ ಏನಿದೆ ಅಂತ ಒತ್ತಿ ನೋಡದೆ ಗೊತ್ತಾಗಲ್ಲ.

ಈಗಷ್ಟೇ ಶುರು ಮಾಡುವವರಿಗೆ ಇದು ಒಳ್ಳೆಯದೇ. ಮುಂದೇನು ಓದಲಿ ಅನ್ನೋ ಗೊಂದಲವೇ ಇಲ್ಲ. ಹೊಳೆಯುವ ಬಟನ್ ಒತ್ತು, ಪಾಠ ಮುಗಿಸು, ಅಷ್ಟೇ. ಸ್ಟೋರ್‌ನಲ್ಲಿ ಬಂದಿರುವ ಹೊಸ ವಿಮರ್ಶೆಗಳನ್ನು ಕೂತು ಓದಿದೆ. ಹೊಗಳಿದವರಲ್ಲಿ ಹೆಚ್ಚಿನವರು ಆರಂಭದ ಪಾಠಗಳಲ್ಲಿ ಇರುವವರು. ಅವರ ಮಾತನ್ನು ತಳ್ಳಿಹಾಕಲು ಆಗಲ್ಲ.

ನಡುಹಂತಕ್ಕೆ ಬಂದವರ ಕಷ್ಟ ಬೇರೆ. ಒಂದು ಉದಾಹರಣೆ ಕೊಡುತ್ತೇನೆ. ಜರ್ಮನ್‌ನಲ್ಲಿ ಬಸ್ಸಿಗೆ ‘ಡೆರ್ ಬುಸ್’ ಅನ್ನುತ್ತಾರೆ. ಬಸ್ಸಿನಲ್ಲಿ ಬಂದೆ ಅನ್ನುವಾಗ ಅದೇ ‘ಮಿಟ್ ಡೆಮ್ ಬುಸ್’ ಆಗುತ್ತದೆ. ‘ಮಿಟ್’ ಬಂತು ಅಂದರೆ ಅದರ ಹಿಂದೆಯೇ ಡಾಟಿವ್ ವಿಭಕ್ತಿ, ಅಂದರೆ ಇಲ್ಲಿ ‘ಡೆರ್’ ಹೋಗಿ ‘ಡೆಮ್’ ಆಗುವ ರೂಪ, ಬರಬೇಕು. ನಿಯಮ ಒಂದೇ ಓದಿಗೆ ಅರ್ಥವಾಗುತ್ತದೆ. ಆದರೆ ಮಾತಾಡುವಾಗ ತಡವರಿಸದೆ ಬಾಯಿಗೆ ಬರಬೇಕಾದರೆ ಅದನ್ನೇ ಮತ್ತೆ ಮತ್ತೆ ಮಾಡಬೇಕು. ಹಿಂದೆ ನನಗೆ ಬೇಕಾದಾಗೆಲ್ಲ ಡಾಟಿವ್ ಪಾಠ ಕೈಗೆ ಸಿಗುತ್ತಿತ್ತು. ಈಗ ಮೇಲಕ್ಕೆ ಎಳೆಯುತ್ತಾ, ಒಂದೊಂದೇ ಬಟನ್ ಒತ್ತಿ ನೋಡುತ್ತಾ ಹುಡುಕಬೇಕು. ಸಿಕ್ಕಿದರೂ ಡಾಟಿವ್ ಒಂದೇ ಇರಲ್ಲ, ಅದರ ಜೊತೆ ಇನ್ನೆರಡು ವಿಷಯ ಕಲಸಿಕೊಂಡಿರುತ್ತವೆ.

ರಿವಿಷನ್‌ಗೆ ಪ್ರತ್ಯೇಕ ಬಟನ್ ಇದೆ ಅಂತ ಕಂಪನಿ ಹೇಳುತ್ತದೆ. ಇದೆ, ಪ್ರೊಫೈಲ್ ಒಳಗೆ. ಅದನ್ನು ಒತ್ತಿದರೆ ಏನನ್ನು ರಿವಿಷನ್ ಮಾಡಬೇಕು ಅಂತ ಆಪ್ ತಾನೇ ತೀರ್ಮಾನಿಸುತ್ತದೆ. ಈ ಕ್ರಮ ತಪ್ಪು ಅಂತ ನಾನು ಹೇಳಲ್ಲ, ಅದರ ಹಿಂದೆ ಗಟ್ಟಿ ವಿಚಾರ ಇದೆ. ಕಲಿತದ್ದು ಮೊದಮೊದಲು ಬೇಗ ಬೇಗ ಮರೆತುಹೋಗುತ್ತದೆ ಅಂತ ಮನಃಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿ 1885ರಲ್ಲೇ ತೋರಿಸಿದ್ದ. ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸುವ ಕೆಲಸವನ್ನು ನಮಗಿಂತ ಲೆಕ್ಕ ಇಟ್ಟುಕೊಂಡ ಯಂತ್ರವೇ ಚೆನ್ನಾಗಿ ಮಾಡಬಹುದು. ಆದರೆ ಆಪ್‌ಗೆ ಗೊತ್ತಿರುವುದು ಆಪ್ ಒಳಗೆ ನಾನು ಮಾಡಿದ ತಪ್ಪುಗಳು ಮಾತ್ರ. ಜರ್ಮನ್ ಸಹೋದ್ಯೋಗಿಯ ಜೊತೆ ಫೋನ್‌ನಲ್ಲಿ ಮಾತಾಡುವಾಗ ಎಲ್ಲಿ ತಡವರಿಸಿದೆ ಅನ್ನೋದು ಅದಕ್ಕೆ ಹೇಗೆ ಗೊತ್ತಾಗಬೇಕು? ಅದು ಗೊತ್ತಿರುವುದು ನನಗೆ. ಅದಕ್ಕೇ ಆಯ್ಕೆ ನನ್ನ ಕೈಯಲ್ಲೂ ಇರಬೇಕು. ಒಂದು ಸ್ಟಾರ್ ಹೋದದ್ದು ಇದಕ್ಕೆ.

ಇನ್ನೊಂದು ಬದಲಾವಣೆ ಮೇಲ್ನೋಟಕ್ಕೆ ಸಣ್ಣದು. ಮೊದಲು ಉತ್ತರವನ್ನು ಟೈಪ್ ಮಾಡಬೇಕಿತ್ತು. ಈಗ ಪದಗಳ ಚಿಕ್ಕ ಚಿಕ್ಕ ಚೌಕಗಳು ಬರುತ್ತವೆ, ಒಂದೊಂದಾಗಿ ಒತ್ತಿ ಜೋಡಿಸಬೇಕು. ನೋಡಲು ಚೆಂದ, ಬೇಗನೂ ಮುಗಿಯುತ್ತದೆ. ಆದರೆ ಕಣ್ಣೆದುರು ಇರುವುದನ್ನು ಗುರುತಿಸುವುದೇ ಬೇರೆ, ಏನೂ ಇಲ್ಲದಾಗ ನೆನಪಿನಿಂದ ಎತ್ತಿ ತರುವುದೇ ಬೇರೆ ಅಲ್ವಾ? ಚೌಕಗಳಲ್ಲಿ ‘ಡೆಮ್’ ಒಂದೇ ಇದ್ದು ‘ಡೆರ್’, ‘ಡೆನ್’ ಇಲ್ಲದಿದ್ದರೆ ವ್ಯಾಕರಣ ಬರದವರೂ ಸರಿಯುತ್ತರ ಕೊಡುತ್ತಾರೆ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನೋ ಮನಃಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಇದಕ್ಕೆ ಹತ್ತಿರದ ಪ್ರಯೋಗ ಮಾಡಿದ್ದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಪುಸ್ತಕ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಮಾಡಿದಾಗ ನೆನಪಿನಿಂದ ಬರೆದವರು ಮುಂದೆ ಬಂದರು. ಪಾಠ ಮುಗಿದ ತಕ್ಷಣ ಬರುವ ಹಸಿರು ಟಿಕ್ ನೋಡಿ ಖುಷಿಪಡುವಾಗ ನನಗೆ ಒಂದು ವಾರ ಬಿಟ್ಟು ಬಂದ ಆ ಫಲಿತಾಂಶವೇ ನೆನಪಾಗುತ್ತದೆ. ಅದೃಷ್ಟಕ್ಕೆ ಟೈಪ್ ಮಾಡುವ ಅವಕಾಶವನ್ನು ಪೂರ್ತಿ ತೆಗೆದಿಲ್ಲ. ಕೆಳಗೆ ಎಡಮೂಲೆಯಲ್ಲಿ ಕೀಬೋರ್ಡ್‌ನ ಪುಟ್ಟ ಐಕಾನ್ ಇದೆ, ಅದನ್ನು ಒತ್ತಿ. ಪ್ರತಿ ಪಾಠದಲ್ಲೂ ಹೊಸದಾಗಿ ಒತ್ತಬೇಕು, ಅದೊಂದು ಕಿರಿಕಿರಿ.

ಇನ್ನೊಂದು ಸ್ಟಾರ್ ಹೋದದ್ದು ಬಣ್ಣದ ವಿಷಯಕ್ಕೆ. ಜರ್ಮನ್ ನಾಮಪದಗಳಿಗೆ ಮೂರು ಲಿಂಗ. ಮೇಜು ‘ಡೆರ್’, ಬಾಗಿಲು ‘ಡಿ’, ಕಿಟಕಿ ‘ಡಾಸ್’. ಹೆಚ್ಚಿನ ಪದಗಳಿಗೆ ಅರ್ಥ ನೋಡಿ ಊಹಿಸಲು ಆಗದ್ದರಿಂದ ಪದದ ಜೊತೆಗೇ ಇದನ್ನೂ ಕಲಿಯಬೇಕು. ಕೆಲವು ಜರ್ಮನ್ ಪಠ್ಯಪುಸ್ತಕಗಳು ಡೆರ್‌ಗೆ ನೀಲಿ, ಡಿಗೆ ಕೆಂಪು, ಡಾಸ್‌ಗೆ ಹಸಿರು ಬಣ್ಣ ಕೊಡುತ್ತವೆ. ಹಳೆಯ ರೂಪದಲ್ಲಿ ಪದದ ಮುಂದೆ ಆರ್ಟಿಕಲ್ (ಈ ಡೆರ್, ಡಿ, ಡಾಸ್) ಬರೆದಿರುತ್ತಿತ್ತು, ಅದಕ್ಕೆ ಬಣ್ಣವೂ ಇರುತ್ತಿತ್ತು. ಹೊಸ ಪದಪಟ್ಟಿಯಲ್ಲಿ ಆರ್ಟಿಕಲ್ ತೆಗೆದು, ಪದದ ಕೆಳಗೆ ತೆಳ್ಳಗೆ ಒಂದು ಬಣ್ಣದ ಗೆರೆ ಎಳೆದಿದ್ದಾರೆ. ಪರದೆ ಚೊಕ್ಕವಾಗಿ ಕಾಣಲಿ ಅಂತ ಇರಬಹುದು. ಆದರೆ ಬಣ್ಣ ಗುರುತಿಸಲು ಆಗದವರಲ್ಲಿ ಹೆಚ್ಚಿನವರಿಗೆ ತೊಂದರೆ ಆಗುವುದೇ ಕೆಂಪು ಮತ್ತು ಹಸಿರಿನ ನಡುವೆ. ಅವರಿಗೆ ಬಾಗಿಲೂ ಕಿಟಕಿಯೂ ಒಂದೇ ಥರ ಕಾಣುತ್ತವೆ. ಸ್ಟೋರ್‌ನಲ್ಲಿ ಒಬ್ಬರು ಇದನ್ನೇ ಬರೆದಿದ್ದರು, ತಮಗೆ ಪದಪಟ್ಟಿ ಇನ್ನು ಉಪಯೋಗಕ್ಕಿಲ್ಲ ಅಂತ. ಓದಿ ತುಂಬ ಬೇಜಾರಾಯಿತು. ಯಾವ ಮಾಹಿತಿಯನ್ನೂ ಬಣ್ಣದಿಂದ ಮಾತ್ರ ತಿಳಿಸಬಾರದು ಅನ್ನೋದು ಅಂಗವೈಕಲ್ಯ ಇರುವವರೂ ಬಳಸುವಂತೆ ವೆಬ್ ಮತ್ತು ಆಪ್ ಮಾಡುವುದು ಹೇಗೆ ಅಂತ ಹೇಳುವ ಡಬ್ಲ್ಯೂಸಿಎಜಿ ನಿಯಮಗಳಲ್ಲೇ ಇದೆ.

ಬಳಕೆದಾರರು ಹೀಗೆ ಸಿಟ್ಟಾಗುವುದು ಹೊಸದೇನಲ್ಲ. ಭಾಷೆ ಕಲಿಸುವ ಡುಯೊಲಿಂಗೊ ಆಪ್ 2022ರಲ್ಲಿ ವಿಷಯ ಆರಿಸಿಕೊಳ್ಳಲು ಬಿಡುತ್ತಿದ್ದ ತನ್ನ ಹಳೆಯ ‘ಟ್ರೀ’ ತೆಗೆದು, ಒಂದೇ ಸಾಲಿನ ‘ಪಾತ್’ ತಂದಾಗ ದೊಡ್ಡ ಗಲಾಟೆಯೇ ಆಗಿತ್ತು. ಹಳೆಯದನ್ನು ವಾಪಸ್ ಕೊಡಿ ಅಂತ ಬಹಳ ಜನ ಕೇಳಿಕೊಂಡರು, ಕಂಪನಿ ಹಿಂದಕ್ಕೆ ಹೋಗಲಿಲ್ಲ. 2025ರಲ್ಲಿ, ಖಾಲಿಯಾದರೆ ಉಚಿತ ಬಳಕೆದಾರರ ಪಾಠ ನಿಲ್ಲಿಸುವ ‘ಹಾರ್ಟ್ಸ್’ ಜಾಗಕ್ಕೆ ‘ಎನರ್ಜಿ’ ತರತೊಡಗಿದಾಗಲೂ ಅಸಮಾಧಾನ ಎದ್ದಿತು. ಹಾರ್ಟ್ ಕಡಿಮೆಯಾಗುತ್ತಿದ್ದದ್ದು ತಪ್ಪು ಮಾಡಿದರೆ. ಎನರ್ಜಿ ಸರಿಯುತ್ತರ ಕೊಟ್ಟರೂ ಖರ್ಚಾಗುತ್ತದೆ. ಇಂಥ ಹೊತ್ತಲ್ಲಿ ‘ಜನರಿಗೆ ಬದಲಾವಣೆ ಇಷ್ಟವಾಗಲ್ಲ, ನಾಲ್ಕು ದಿನ ಹೋದರೆ ಸುಮ್ನೆ ಆಗ್ತಾರೆ’ ಅನ್ನೋ ಮಾತು ಕೇಳಿಬರುತ್ತದೆ. ಬಟನ್‌ನ ಬಣ್ಣ ಬದಲಾದರೆ ನಿಜವಾಗಿಯೂ ನಾಲ್ಕು ದಿನದಲ್ಲಿ ಸರಿಹೋಗುತ್ತದೆ. ಕಲಿಯುವ ಕ್ರಮವೇ ಬದಲಾದರೆ ಹಾಗಲ್ಲ. ಕಲಿಕೆಯ ಆಪ್‌ನಲ್ಲಿ ಪರದೆಯೇ ಮೇಷ್ಟ್ರು. ಯಾವ ಬಟನ್ ಎಲ್ಲಿದೆ ಅನ್ನೋದರ ಮೇಲೆ ಏನು ಕಲಿಯುತ್ತೇವೆ, ಏನು ಬಿಟ್ಟುಹೋಗುತ್ತದೆ ಅನ್ನೋದು ನಿಂತಿದೆ.

ಹಾಗಂತ ‘ಹಳೇದೇ ಬೇಕು’ ಅಂತ ಒಂದೇ ಸಾಲು ಬರೆದು ಒಂದು ಸ್ಟಾರ್ ಒತ್ತಿ ಹೋಗುವುದರಿಂದಲೂ ಲಾಭವಿಲ್ಲ. ಯಾವ ಕೆಲಸ ಮೊದಲು ಆಗುತ್ತಿತ್ತು, ಈಗ ಯಾಕೆ ಆಗುತ್ತಿಲ್ಲ ಅಂತ ಬರೆಯಿರಿ. ಸ್ಕ್ರೀನ್‌ಶಾಟ್ ಇದ್ದರೆ ಕಂಪನಿಗೆ ಕಳಿಸಿ. ನಾನು ಡಾಟಿವ್ ಮತ್ತು ಬಣ್ಣ ಎರಡನ್ನೂ ವಿವರಿಸಿ ಕಳಿಸಿದೆ. ಬಣ್ಣದ ವಿಷಯಕ್ಕೆ ತಂಡಕ್ಕೆ ತಿಳಿಸಿದ್ದೇವೆ ಅಂತ ಉತ್ತರ ಬಂತು. ರಿವಿಷನ್ ಬಗ್ಗೆ ಮಾತ್ರ ಎಲ್ಲರಿಗೂ ಕಳಿಸುವ ಸಿದ್ಧ ಉತ್ತರವೇ ಸಿಕ್ಕಿತು.

ಒಳ್ಳೆಯದೂ ಇದೆ. ನಿಧಾನವಾಗಿ ಕೇಳಿಸುವ ಬಟನ್ ದೊಡ್ಡದಾಗಿದೆ, ಹೆಬ್ಬೆರಳಿಗೆ ಸಿಗುತ್ತದೆ. ಡಾರ್ಕ್ ಮೋಡ್ ಬಂದಿದೆ. ಧ್ವನಿಗಳು ಮೊದಲಿಗಿಂತ ಸ್ಪಷ್ಟ.

ಶುರು ಮಾಡುವವರು ಧೈರ್ಯವಾಗಿ ಹಾಕಿಕೊಳ್ಳಿ, ಆದರೆ ಮೊದಲ ದಿನದಿಂದಲೇ ಕೀಬೋರ್ಡ್ ಐಕಾನ್ ಒತ್ತಿ ಟೈಪ್ ಮಾಡಿ. ಹೊಸ ಪದಗಳನ್ನು ಆರ್ಟಿಕಲ್ ಸಮೇತ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ. ನಡುಹಂತದಲ್ಲಿ ಇರುವವರು ವರ್ಷದ ಚಂದಾ ಕಟ್ಟುವ ಮುಂಚೆ ಉಚಿತ ಆವೃತ್ತಿಯಲ್ಲಿ ನಿಮಗೆ ಬೇಕಾದ ಪಾಠ ಸುಲಭವಾಗಿ ಸಿಗುತ್ತದಾ ನೋಡಿ. ವಿಷಯಗಳ ಪಟ್ಟಿ ವಾಪಸ್ ಬಂದ ದಿನ ನಾಲ್ಕನೇ ಸ್ಟಾರ್ ಕೊಡುತ್ತೇನೆ. ಆರ್ಟಿಕಲ್ ಮತ್ತೆ ಅಕ್ಷರದಲ್ಲಿ ಕಂಡರೆ ಐದನೆಯದು.