ಹಿಂಭಾಗ ತಗ್ಗಿಸಿದ ಕಾರಿನ ಟೈರ್ ಉಜ್ಜುತ್ತಿದೆಯೇ? ಗ್ರೈಂಡರ್ ಹಾಕಿಸುವ ಮುಂಚೆ ಇದನ್ನು ಓದಿ
ಒಂದು ಒಳ್ಳೆಯ ಟೈರ್ ಹಾಳಾಯಿತು, ಬಲಗಡೆ ಫೆಂಡರ್‌ಗೆ (ಚಕ್ರದ ಮೇಲಿನ ತಗಡಿಗೆ) ತುಕ್ಕು ಹಿಡಿಯಿತು. ಎರಡಕ್ಕೂ ಕಾರಣ ನನ್ನ ಅವಸರ, ಜೊತೆಗೆ ಅಳತೆಯನ್ನೇ ತೆಗೆಯದೆ ಕೆಲಸಕ್ಕೆ ಇಳಿದ ಒಂದು ಗ್ಯಾರೇಜ್.

ಕಾರಿನ ಹಿಂಭಾಗ 40 ಮಿ.ಮೀ. ತಗ್ಗುವಂಥ ಸ್ಪ್ರಿಂಗ್ ಹಾಕಿಸಿದ್ದೆ. ಅದರ ಜೊತೆಗೇ ರಿಮ್ ಕೂಡ ಬದಲಾಯಿತು. ಮೊದಲಿದ್ದದ್ದು 6 ಇಂಚು ಅಗಲ, ಆಫ್‌ಸೆಟ್ 45 (ರಿಮ್ಮಿನ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮೈಗೆ ಇರುವ ದೂರ, ಮಿ.ಮೀ.ನಲ್ಲಿ; ಇದು ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಬರುತ್ತದೆ). ಹೊಸದು 7 ಇಂಚು, ಆಫ್‌ಸೆಟ್ 35. ಒಬ್ಬನೇ ಓಡಿಸುವಾಗ ಏನೂ ಗೊತ್ತಾಗಲಿಲ್ಲ. ಹಿಂದಿನ ಸೀಟಿನಲ್ಲಿ ಮೂವರು ಕೂತು, ಡಿಕ್ಕಿ ತುಂಬಿಸಿಕೊಂಡು ಹೊರಟ ದಿನ ಮೊದಲ ಹಂಪ್‌ನಲ್ಲೇ 'ಜರ್ರ್' ಅಂತ ಸದ್ದು, ಹಿಂದೆಯೇ ಸುಟ್ಟ ರಬ್ಬರ್ ವಾಸನೆ. ಇಳಿದು ನೋಡಿದರೆ ಬಲಗಡೆ ಫೆಂಡರ್ ಅಂಚಿನ ಒಳಮೈ ಉಜ್ಜಿ ಉಜ್ಜಿ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

ಬಲಗಡೆ ಮಾತ್ರ. ಎಡಗಡೆ ಗೀರೂ ಇರಲಿಲ್ಲ. ಅಲ್ಲೇ ನಿಂತು ಯೋಚಿಸಬೇಕಿತ್ತು, ಯೋಚಿಸಲಿಲ್ಲ.

ಗ್ಯಾರೇಜಿನವರು ಮೊದಲು ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕಿದರು. ಕಾರು ಎತ್ತಿನಗಾಡಿಯಂತೆ ಕುಲುಕತೊಡಗಿತೇ ಹೊರತು ಉಜ್ಜುವುದು ನಿಲ್ಲಲಿಲ್ಲ. ಎರಡನೇ ಸಲ ಹೋದಾಗ, "ಸಾರ್, ಅಂಚು ಸ್ವಲ್ಪ ಕಟ್ ಮಾಡಿಬಿಡೋಣ, ಆಮೇಲೆ ನಿಮಗೆ ತಲೆನೋವೇ ಇರಲ್ಲ" ಅಂದರು. ಹೂಂ ಅಂದೆ. ಆ ಹೂಂ ದುಬಾರಿಯಾಯಿತು.

ಫೆಂಡರ್ ಅಂಚಿನಲ್ಲಿ ಒಳಕ್ಕೆ ತಿರುಗಿರುವ ಆ ಮಡಿಕೆ ಬರೀ ಅಂದಕ್ಕೆ ಇರುವುದಲ್ಲ. ಹೊರಗಿನ ತಗಡೂ ಒಳಗಿನ ತಗಡೂ ಸೇರಿ ಸ್ಪಾಟ್ ವೆಲ್ಡ್ ಆಗುವುದು ಅಲ್ಲೇ. ಅದನ್ನು ಕೊಯ್ದರೆ ಎರಡು ತಗಡುಗಳ ನಡುವೆ ಸಂದು ಬೀಳುತ್ತದೆ, ಚಕ್ರ ಎರಚುವ ನೀರು, ಕೆಸರು ಎಲ್ಲ ಅದರೊಳಗೇ. ಜಾಗ ನಿಜವಾಗಿ ಬೇಕೇ ಇದ್ದರೆ ಬಣ್ಣವನ್ನು ಹೀಟ್ ಗನ್‌ನಿಂದ ಬಿಸಿ ಮಾಡಿಕೊಂಡು, ರೋಲರ್‌ನಿಂದ ಅಂಚನ್ನು ನಿಧಾನವಾಗಿ ಒಳಕ್ಕೆ ಮಡಚಬೇಕು. ನನ್ನ ಕಾರಿನಲ್ಲಿ ಉಳಿದದ್ದು ಗ್ರೈಂಡರ್ ಬಿಟ್ಟುಹೋದ ಹರಿತ ಅಂಚು. ಮೊದಲು ಬರೀ ಉಜ್ಜುತ್ತಿತ್ತು, ಈಗ ಕೊಯ್ಯತೊಡಗಿತು. ಕೆಲವೇ ದಿನಗಳಲ್ಲಿ ಟೈರಿನ ಪಕ್ಕದ ಗೋಡೆಯಲ್ಲಿ ಉಗುರು ಹೋಗುವಷ್ಟು ಸೀಳು, ಒಳಗೆ ದಾರದ ಎಳೆ ಕಾಣುತ್ತಿತ್ತು. ಸೈಡ್‌ವಾಲ್ ಸೀಳಿದರೆ ಪಂಕ್ಚರ್ ಹಾಕುವಂತಿಲ್ಲ, ಟೈರ್ ಎಸೆಯುವುದೇ. ವೇಗದಲ್ಲಿದ್ದಾಗ ಸಿಡಿಯಲಿಲ್ಲ ಅನ್ನುವುದಷ್ಟೇ ಸಮಾಧಾನ.

ಕೊನೆಗೆ ಬೇರೊಬ್ಬ ಮೆಕ್ಯಾನಿಕ್ ಮಾಡಿದ್ದು ಇಷ್ಟು: ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎರಡೂ ಫೆಂಡರ್‌ನಿಂದ ತೂಕ ಕಟ್ಟಿದ ದಾರ ಇಳಿಬಿಟ್ಟು, ದಾರಕ್ಕೂ ಟೈರಿಗೂ ನಡುವೆ ಸ್ಕೇಲ್ ಹಿಡಿದರು. ಎಡಗಡೆ 9 ಮಿ.ಮೀ., ಬಲಗಡೆ 2. ಅಂದರೆ ಇಡೀ ಆಕ್ಸಲ್ಲೇ ಮೂರೂವರೆ ಮಿ.ಮೀ. ಬಲಕ್ಕೆ ಸರಿದಿತ್ತು! ನನ್ನ ಕಾರಿನ ಹಿಂದಿನ ಆಕ್ಸಲ್ ಅನ್ನು ಅಡ್ಡಡ್ಡಲಾಗಿ ಹಿಡಿದಿರುವುದು ಪ್ಯಾನ್‌ಹಾರ್ಡ್ ರಾಡ್. ಅದರ ಒಂದು ತುದಿ ಬಾಡಿಗೆ, ಇನ್ನೊಂದು ಆಕ್ಸಲ್‌ಗೆ. ಕಾರು ತಗ್ಗಿದಾಗ ರಾಡಿನ ಓರೆ ಬದಲಾಗಿ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿದ ಮೇಲೆ ಎರಡೂ ಕಡೆ ಐದೂವರೆ ಬಂತು. (ಎಲ್ಲ ಕಾರಿನಲ್ಲೂ ಈ ರಾಡ್ ಇರುವುದಿಲ್ಲ, ಮೊದಲು ಅಡಿಯಲ್ಲಿ ಬಗ್ಗಿ ನೋಡಿ.)

ಭಾರ ತುಂಬಿದರೆ ಅದೂ ಸಾಲದು. ಆಗ ರಿಮ್ ಲೆಕ್ಕ ತೆಗೆದೆವು. ಅಗಲ 1 ಇಂಚು ಹೆಚ್ಚಾದ್ದರಿಂದ ಹೊರಕ್ಕೆ 12.7 ಮಿ.ಮೀ., ಆಫ್‌ಸೆಟ್ 10 ಇಳಿದದ್ದರಿಂದ ಇನ್ನೂ 10. ಕೊಳ್ಳುವ ಮುಂಚೆ ಒಂದು ಚೀಟಿಯಲ್ಲಿ ಕೂಡಿಸಿದ್ದರೆ ಸಾಕಿತ್ತು, ರಿಮ್ಮಿನ ಅಂಚು ಹತ್ತಿರ ಹತ್ತಿರ 23 ಮಿ.ಮೀ. ಹೊರಗೆ ಬರುತ್ತದೆ ಅಂತ ಅಲ್ಲೇ ಗೊತ್ತಾಗುತ್ತಿತ್ತು. 7 ಇಂಚಿನದೇ, ಆದರೆ ಆಫ್‌ಸೆಟ್ 45ರ ರಿಮ್‌ಗೆ ಬದಲಾಯಿಸಿದೆ. ಒಳಗಡೆ ಶಾಕ್ ಅಬ್ಸಾರ್ಬರ್‌ಗೆ ತಗಲುವುದಿಲ್ಲ ಎಂದು ನೋಡಿಕೊಂಡೇ ಹಾಕಿದ್ದು. ಸ್ಪೇಸರ್ (ಹಬ್‌ಗೂ ರಿಮ್ಮಿಗೂ ನಡುವೆ ಇಡುವ ಲೋಹದ ಬಿಲ್ಲೆ) ಹಾಕಿ ಅಂತ ಸಲಹೆ ಕೊಟ್ಟವರೂ ಇದ್ದರು. ಸ್ಪೇಸರ್ ಚಕ್ರವನ್ನು ಇನ್ನೂ ಹೊರಕ್ಕೆ ತಳ್ಳುತ್ತದೆ. ಒಳಗೆ ಉಜ್ಜುತ್ತಿದ್ದರೆ ಅದು ಮದ್ದು, ಹೊರಗೆ ಉಜ್ಜುವವರಿಗೆ ವಿಷ.

ಹಾಗಾಗಿ ಯಾರಾದರೂ ನಿಮ್ಮ ಕಾರಿಗೆ ಕೈ ಹಾಕುವ ಮೊದಲು ಎಲ್ಲಿ ತಗಲುತ್ತಿದೆ ಅಂತ ತೋರಿಸಲು ಹೇಳಿ. ಟೈರಿನ ಭುಜಕ್ಕೆ ಸೀಮೆಸುಣ್ಣ ಬಳಿದು, ಹಿಂದೆ ಜನ ಕೂರಿಸಿ ಹಂಪ್ ದಾಟಿಸಿದರೆ ಅಳಿಸಿಹೋದ ಜಾಗವೇ ಹೇಳುತ್ತದೆ. ಇನ್ನೂ ಖಚಿತ ಬೇಕಿದ್ದರೆ ಸ್ಪ್ರಿಂಗ್ ಬಿಚ್ಚಿ, ಜಾಕ್‌ನಿಂದ ಆಕ್ಸಲ್‌ನ ಒಂದು ಪಕ್ಕವನ್ನು ಬಂಪ್ ಸ್ಟಾಪರ್‌ಗೆ (ಆಕ್ಸಲ್ ತೀರಾ ಮೇಲೇರದಂತೆ ತಡೆಯುವ ರಬ್ಬರ್‌ಗೆ) ತಗಲುವವರೆಗೆ ಎತ್ತಿ ನೋಡಬಹುದು. ಸ್ಟ್ಯಾಂಡ್ ಇಡದೆ ಕಾರಿನಡಿ ತಲೆ ಹಾಕಬೇಡಿ. ವಾಪಸ್ ಜೋಡಿಸುವಾಗ ರಬ್ಬರ್ ಬುಷ್‌ಗಳ (ಕೀಲುಗಳಲ್ಲಿ ಕೂರುವ ರಬ್ಬರ್ ತೋಳುಗಳ) ಬೋಲ್ಟನ್ನು ಚಕ್ರಗಳ ಮೇಲೆ ಭಾರ ಕೂತ ಮೇಲೇ ಬಿಗಿಸಬೇಕು, ಇಲ್ಲದಿದ್ದರೆ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಬಲಗಡೆ ಫೆಂಡರ್‌ನ ಸಂದನ್ನು ಬೆಸುಗೆ ಹಾಕಿಸಿ ಸೀಲಂಟ್ ಬಳಿಸಿದ್ದೇನೆ, ಆದರೂ ಬಣ್ಣದಡಿ ಗುಳ್ಳೆ ಏಳುತ್ತಲೇ ಇದೆ. ಎಡಗಡೆಯದೂ ಮ್ಯಾಚಿಂಗ್ ಇರಲಿ ಅಂತ ಅವತ್ತೇ ಕೊಯ್ಯಲು ಹೊರಟಿದ್ದರು. ಪುಣ್ಯಕ್ಕೆ ಗ್ರೈಂಡರ್ ಡಿಸ್ಕ್ ಸವೆದುಹೋಗಿತ್ತು.