ಗಾಳಿ ಕಡಿಮೆ, ಅಲೆ ಸಣ್ಣದು: ಯಾವ ದೊಡ್ಡ ವಿಂಡ್‌ಸರ್ಫಿಂಗ್ ಬೋರ್ಡ್ ಕೊಳ್ಳಬೇಕು?

ಗಾಳಿ 7ರಿಂದ 12 ನಾಟ್ (ಗಂಟೆಗೆ ಸುಮಾರು 13ರಿಂದ 22 ಕಿಲೋಮೀಟರ್), ಅಲೆ ಮೊಣಕಾಲಿನಿಂದ ಸೊಂಟದವರೆಗೆ. ಇಂಥ ದಿನ 85 ಲೀಟರಿನ ವೇವ್ ಬೋರ್ಡ್ ಹಿಡಿದು ನೀರಿಗಿಳಿದರೆ ಅರ್ಧ ಗಂಟೆಯಲ್ಲಿ ಸಾಕಾಗುತ್ತದೆ. ಬೋರ್ಡ್ ಮುಳುಗುತ್ತದೆ, ಹಾಯಿ ಎಳೆಯುವುದಿಲ್ಲ, ಒಳ್ಳೊಳ್ಳೆಯ ಅಲೆಗಳು ಕಾಲಡಿಯಿಂದ ಜಾರಿ ಹೋಗುತ್ತವೆ. ಆಮೇಲೆ ಎಲ್ಲರೂ ಕೇಳುವುದು ಒಂದೇ: ದೊಡ್ಡ ಬೋರ್ಡ್ ತಗೊಳ್ಳೋಣ, ಎಷ್ಟು ಲೀಟರಿನದು? ಎಡವುವುದು ಅಲ್ಲೇ. ಲೀಟರ್ ಲೆಕ್ಕದಿಂದ ಬೋರ್ಡ್ ತೇಲುತ್ತದೋ ಇಲ್ಲವೋ ಅಷ್ಟೇ ಗೊತ್ತಾಗುತ್ತದೆ. ಓಡುತ್ತದೋ, ಅಲೆ ಹಿಡಿಯುತ್ತದೋ, ತಿರುಗುತ್ತದೋ ಎಂದು ತಿಳಿಯಲು ಉದ್ದ, ಬಾಲದ ಅಗಲ ಮತ್ತು ತಳದ ಬಾಗು ನೋಡಬೇಕು. ಅಂಗಡಿಗಳಲ್ಲಿ ಸಿಗುವ ನಾಲ್ಕು ಬಗೆಯ ದೊಡ್ಡ ಬೋರ್ಡ್‌ಗಳನ್ನು ಈ ಒಂದೇ ಕೆಲಸಕ್ಕೆ ಇಟ್ಟು ಇಲ್ಲಿ ತೂಗಿದ್ದೇವೆ.

ಮೊದಲು ತೇಲುವ ಲೆಕ್ಕ. 75 ಕಿಲೋ ತೂಕದವರು ಎಂದುಕೊಳ್ಳಿ. ಬೋರ್ಡ್ 10 ಕಿಲೋ, ಹಾಯಿ, ಮಾಸ್ಟ್ (ಹಾಯಿಯ ಕಂಬ), ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡ ಕೋಲು) ಸೇರಿ 8 ಕಿಲೋ, ಒದ್ದೆ ಬಟ್ಟೆ ಮತ್ತು ಹಾರ್ನೆಸ್ (ಬೂಮ್‌ಗೆ ಕೊಕ್ಕೆ ಹಾಕುವ ಸೊಂಟಪಟ್ಟಿ) 3 ಕಿಲೋ. ಒಟ್ಟು 96. ಒಂದು ಲೀಟರ್ ಸಮುದ್ರದ ನೀರು ಒಂದು ಕಿಲೋಗಿಂತ ತುಸು ಹೆಚ್ಚು ಭಾರ ಹೊರುತ್ತದೆ. ಆದ್ದರಿಂದ 95 ಲೀಟರಿನ ಬೋರ್ಡ್ ಇವರನ್ನು ಹೇಗೋ ಹೊರುತ್ತದೆ, ಆದರೆ ಮೇಲ್ಮೈ ನೀರಿನ ಮಟ್ಟದಲ್ಲೇ ಇರುತ್ತದೆ. ಗಾಳಿ ಒಂದು ಕ್ಷಣ ನಿಂತರೂ ಮೊಣಕಾಲು ಮುಳುಗುತ್ತದೆ. ಅಲೆಗಳ ನಡುವೆ ನಿಂತು ಹಗ್ಗದಿಂದ ಹಾಯಿ ಎತ್ತಬೇಕಾದರೆ ಒಟ್ಟು ತೂಕದ ಮೇಲೆ ಕಡಿಮೆಯೆಂದರೂ 30 ಲೀಟರ್ ಬೇಕು, ಇನ್ನೂ ಸಮತೋಲ ಕಲಿಯುತ್ತಿರುವವರಿಗೆ 45. ಗಾಳಿ ಕಡಿಮೆ ಇದ್ದಾಗ ವಾಟರ್‌ಸ್ಟಾರ್ಟ್, ಅಂದರೆ ನೀರಿನಲ್ಲಿದ್ದೇ ಹಾಯಿಯ ಎಳೆತದಿಂದ ಬೋರ್ಡ್ ಮೇಲೇಳುವುದು, ಆಗುವುದಿಲ್ಲ. ಬಿದ್ದಾಗಲೆಲ್ಲ ಹಗ್ಗ ಎಳೆದೇ ಏಳಬೇಕು. ಈ ಲೆಕ್ಕದಲ್ಲಿ ಕಂಜೂಸಿ ಮಾಡಬೇಡಿ.

ಇನ್ನು ಅಲೆಯ ಲೆಕ್ಕ. ಇದನ್ನು ಬಿಟ್ಟವರೇ ತಪ್ಪು ಬೋರ್ಡ್ ಕೊಳ್ಳುವುದು. 60 ಸೆಂಟಿಮೀಟರ್ ಎತ್ತರದ ಅಲೆ ಸುಮಾರು 80 ಸೆಂಟಿಮೀಟರ್ ಆಳದಲ್ಲಿ ಒಡೆಯುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್, ಅಂದರೆ ಐದೂವರೆ ನಾಟ್. ಗಾಳಿ ನೇರ ದಡದ ಕಡೆಗೆ 10 ನಾಟ್ ಬೀಸುತ್ತಿದ್ದರೆ, ಅಲೆ ಏರಿ ದಡಕ್ಕೆ ಬರುವಾಗ ಹಾಯಿಗೆ ತಾಗುವುದು ನಾಲ್ಕೂವರೆ ನಾಟ್ ಮಾತ್ರ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ ಹಾಯಿಯ ಎಳೆತ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದನ್ನು ತುಂಬಲು 5.7 ಚದರ ಮೀಟರ್ ಹಾಯಿಯ ಬದಲು 7.5 ಹಾಕಿದರೆ ಹೆಚ್ಚುವುದು ಮೂರನೇ ಒಂದು ಭಾಗವಷ್ಟೇ. ಅಲೆಯ ಮೇಲೆ ಬೋರ್ಡನ್ನು ಅಲೆಯೇ ತಳ್ಳಬೇಕು, ಹಾಯಿಯನ್ನು ನಂಬಿ ಪ್ರಯೋಜನವಿಲ್ಲ. ಹಾಗೆ ತಳ್ಳಿಸಿಕೊಳ್ಳಲು ಬೋರ್ಡ್ ಮೊದಲೇ ಅಲೆಯ ವೇಗದ ಹತ್ತಿರ ಇರಬೇಕು. ಪ್ಲೇನಿಂಗ್ (ವೇಗದಲ್ಲಿ ನೀರಿನ ಮೇಲ್ಮೈ ಮೇಲೆ ಜಾರುವುದು) ಇಲ್ಲದೆ ನೀರು ಸೀಳಿ ಸಾಗುವಾಗ ವೇಗ ನಿರ್ಧರಿಸುವುದು ಉದ್ದ: 235 ಸೆಂಟಿಮೀಟರಿಗೆ ಹೆಚ್ಚೆಂದರೆ 3.7 ನಾಟ್, 290ಕ್ಕೆ 4.1, 366ಕ್ಕೆ 4.6 ಎಂಬುದು ಹಡಗಿನವರ ಹಳೆಯ ಸೂತ್ರದಿಂದ ಬರುವ ಅಂದಾಜು. ವ್ಯತ್ಯಾಸ ಸಣ್ಣದಾಗಿ ಕಾಣಬಹುದು, ಆದರೆ ಅಲೆ ಹಿಡಿಯುವುದೂ ತಪ್ಪಿಸಿಕೊಳ್ಳುವುದೂ ಆ ಅರ್ಧ ನಾಟ್‌ನಲ್ಲೇ.

ಮೊದಲ ಬಗೆ, ಅಗಲದ ಫ್ರೀರೈಡ್ ಬೋರ್ಡ್. 120ರಿಂದ 140 ಲೀಟರ್, 235ರಿಂದ 250 ಸೆಂಟಿಮೀಟರ್ ಉದ್ದ, 75 ಸೆಂಟಿಮೀಟರ್ ಆಸುಪಾಸಿನ ಅಗಲ. ದೊಡ್ಡ ಬೋರ್ಡ್ ಎಂದು ಕೇಳಿದರೆ ಅಂಗಡಿಯವರು ಮೊದಲು ತೋರಿಸುವುದು ಇದನ್ನೇ. 7 ಚದರ ಮೀಟರ್ ಹಾಯಿಯೊಂದಿಗೆ 12 ನಾಟ್‌ಗೆ ಪ್ಲೇನಿಂಗ್ ಸಿಗುತ್ತದೆ, ಸಮತಟ್ಟು ನೀರಿನಲ್ಲಿ ತುಂಬಾ ಖುಷಿ ಕೊಡುತ್ತದೆ. ಅಲೆಗೆ ಇದು ಬೇಡ. ತಳ ನೇರವಾಗಿರುವುದರಿಂದ ಅಲೆಯ ಇಳಿಜಾರಿನಲ್ಲಿ ಮೂತಿ ನೀರಿಗೆ ಕುಟ್ಟುತ್ತದೆ. ಬಾಲ ಅಗಲ, ಫುಟ್‌ಸ್ಟ್ರಾಪ್‌ಗಳು (ಪಾದ ತೂರಿಸುವ ಪಟ್ಟಿಗಳು) ಅಂಚಿನಲ್ಲಿ, ಹಾಗಾಗಿ ತಿರುಗಿಸಲು ಒಳ ಅಂಚಿನ ಮೇಲೆ ಭಾರ ಹಾಕಲು ಹೋದರೆ ಬೋರ್ಡ್ ಒಪ್ಪುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಫಿನ್, ಅಂದರೆ ಬಾಲದ ಕೆಳಗಿನ ರೆಕ್ಕೆ. 40-44 ಸೆಂಟಿಮೀಟರಿನ ಫಿನ್, ಸಣ್ಣ ಅಲೆ ಒಡೆಯುವ ಸೊಂಟದ ಮಟ್ಟದ ನೀರಿನಲ್ಲಿ, ಅಲೆಯ ತಗ್ಗು ಬಂದಾಗ ಮರಳಿಗೆ ತಾಗುತ್ತದೆ. ವೇಗದಲ್ಲಿದ್ದಾಗ ತಾಗಿದರೆ ಸವಾರ ಮುಂದಕ್ಕೆ ಹಾರಿ ಬೀಳುತ್ತಾನೆ, ಫಿನ್ ಬಾಕ್ಸ್ ಬಿರುಕು ಬಿಡುತ್ತದೆ.

ಎರಡನೆಯದು ಫ್ರೀವೇವ್, ಅಂದರೆ ಫ್ರೀಸ್ಟೈಲ್-ವೇವ್ ಬೋರ್ಡ್‌ಗಳ ದೊಡ್ಡ ಅಳತೆಗಳು: 105ರಿಂದ 115 ಲೀಟರ್, ಅಗಲ 63ರಿಂದ 68. ಇದು ನಿಜಕ್ಕೂ ಒಳ್ಳೆಯ ಬೋರ್ಡ್. ಫುಟ್‌ಸ್ಟ್ರಾಪ್‌ಗಳನ್ನು ಒಳಗೆ ಕೂರಿಸಬಹುದು, 26-28 ಸೆಂಟಿಮೀಟರಿನ ಒಂಟಿ ಫಿನ್ ಅಥವಾ ಮೂರು ಫಿನ್ ಹಾಕಬಹುದು, ಅಲೆಯಲ್ಲಿ ನಿಜವಾಗಿ ತಿರುಗುತ್ತದೆ. 60 ಕಿಲೋ ಒಳಗಿನವರು ಇದನ್ನೇ ತೆಗೆದುಕೊಂಡರೆ ಸಾಕು, ಇವರಿಗೆ ಇದೇ ದೊಡ್ಡ ಬೋರ್ಡ್. 75 ಕಿಲೋದವರಿಗೆ 12 ನಾಟ್ ದಾಟುವ ತನಕ ಇದು ಮುಕ್ಕಾಲು ಮುಳುಗಿದ ಹಲಗೆ. ಚಿಕ್ಕದಾದ್ದರಿಂದ ಮೆಲ್ಲಗೆ ಸಾಗುತ್ತದೆ, ಮೆಲ್ಲಗೆ ಸಾಗುವುದರಿಂದ ಅಲೆ ತಪ್ಪುತ್ತದೆ.

ಮೂರನೆಯದೇ ನಮ್ಮ ಆಯ್ಕೆ. ನಿಂತು ಹುಟ್ಟು ಹಾಕುವ ಸಪ್ ಬೋರ್ಡ್‌ಗಳಲ್ಲಿ ಅಲೆಗೆಂದೇ ಮಾಡಿದ್ದು, ಮಾಸ್ಟ್ ಕೂರಿಸುವ ವ್ಯವಸ್ಥೆಯೂ ಇರುವಂಥದ್ದು. ಉದ್ದ 260ರಿಂದ 290, ಅಗಲ 74ರಿಂದ 80, 125ರಿಂದ 155 ಲೀಟರ್. ಕಾಗದದ ಮೇಲೆ ಫ್ರೀರೈಡ್ ಬೋರ್ಡ್‌ಗೂ ಇದಕ್ಕೂ ಲೀಟರ್ ಒಂದೇ. ನೀರಿನಲ್ಲಿ ಅಜಗಜಾಂತರ. ಮೂತಿ ಮೇಲೆತ್ತಿದೆ, ಬಾಲ ಕಿರಿದಾಗುತ್ತಾ ಬರುತ್ತದೆ, ಬಾಲದ ಅಂಚು ತೆಳು. ಬಿಳಿ ನೊರೆ ಎದುರಾದಾಗ ಉದ್ದದ ಮೂತಿ ಅದರ ಮೇಲೆ ಹತ್ತಿ ದಾಟುತ್ತದೆ, ಗಿಡ್ಡ ಬೋರ್ಡ್ ಅಲ್ಲೇ ನಿಂತುಬಿಡುತ್ತದೆ.

ಅಲೆಯ ಮೇಲೆ ಇದು ಹೇಗೆ ನಡೆದುಕೊಳ್ಳುತ್ತದೆ ಎಂದು ಹತ್ತಿರದಿಂದ ನೋಡಿ. ಹಿಂದಿನಿಂದ ಅಲೆ ಬಾಲವನ್ನು ಎತ್ತುವಾಗ ಮುಂದಿನ ಪಾದ ಮಾಸ್ಟಿನ ಬುಡದ ಪಕ್ಕದಲ್ಲೇ ಇರಬೇಕು. ಮೂತಿ ತುಸು ತಗ್ಗಿ, ಬೋರ್ಡ್ ಜಾರತೊಡಗಿದಾಗ ತಳದ ಸದ್ದು ಬದಲಾಗುತ್ತದೆ: ಗುಳುಗುಳು ನಿಂತು ಸರ್ರನೆ ಕೇಳುತ್ತದೆ. ಆ ಸದ್ದು ಕೇಳಿದ ಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ, ಹಿಂದಿನ ಪಾದ ಫಿನ್‌ಗಳ ಮೇಲೆ ಬರುವ ತನಕ. ಹಾಯಿಯನ್ನು ಅರ್ಧ ಬಿಟ್ಟು, ಹಿಮ್ಮಡಿಯಿಂದಲೋ ಬೆರಳಿನಿಂದಲೋ ಒತ್ತಿದರೆ ಬೋರ್ಡ್ ಬಾಲದ ಮೇಲೆ ತಿರುಗುತ್ತದೆ. ಸದ್ದಿಗೆ ಮೊದಲೇ ಹಿಂದೆ ಸರಿದರೆ ಬಾಲ ಮುಳುಗಿ ಅಲೆ ಮುಂದೆ ಹೋಗುತ್ತದೆ. ಹೆಜ್ಜೆ ಇಡುವುದೇ ಈ ಬೋರ್ಡಿನ ಆಟ. ಆದ್ದರಿಂದ 12 ನಾಟ್ ಒಳಗೆ ಫುಟ್‌ಸ್ಟ್ರಾಪ್ ಕಳಚಿಡಿ, ಕಾಲಿಗೆ ತೊಡಕಾಗುತ್ತವೆ.

ಈ ಬಗೆಯಲ್ಲೂ ಕೆಟ್ಟವು ಇವೆ, ಕೊಳ್ಳುವ ಮೊದಲು ಮೂರು ವಿಷಯ ನೋಡಿ. ಒಂದು, ಮಾಸ್ಟ್ ಕೂರುವ ಜಾಗ. ಹುಟ್ಟಿಗೆಂದೇ ಮಾಡಿ ಆಮೇಲೆ ಮಾಸ್ಟಿಗೆ ತೂತು ಸೇರಿಸಿದ ಬೋರ್ಡ್‌ಗಳಲ್ಲಿ ಅದು ತೀರ ಮುಂದಿರುತ್ತದೆ. 280 ಸೆಂಟಿಮೀಟರಿನ ಬೋರ್ಡ್‌ನಲ್ಲಿ ಬಾಲದಿಂದ ಅಳೆದರೆ 150ರ ಆಸುಪಾಸು ಇರಬೇಕು. ಇನ್ನೂ ಬಹಳ ಮುಂದಿದ್ದರೆ, ಬಾಲದ ಮೇಲೆ ಕಾಲಿಟ್ಟಾಗ ಬೂಮ್ ಕೈಗೆ ದೂರವಾಗಿ ಸೊಂಟ ಬಗ್ಗುತ್ತದೆ, ತಿರುವು ಅಲ್ಲೇ ಸತ್ತಿತು. ಒಂದೇ ತೂತಿಗಿಂತ ಉದ್ದನೆಯ ಟ್ರ್ಯಾಕ್ ಇದ್ದರೆ ಹಿಂದೆ ಮುಂದೆ ಸರಿಸಿಕೊಳ್ಳಬಹುದು. ಎರಡು, ತಳದ ಬಾಗು. ಬೋರ್ಡನ್ನು ಮಗುಚಿ, ಫಿನ್ ಮುಂದಿನಿಂದ ಒಂದು ನೇರ ಕೋಲು ಇಡಿ. ಸುಮಾರು ಒಂದು ಮೀಟರ್ ತನಕ ಕೋಲಿಗೂ ತಳಕ್ಕೂ ನಡುವೆ ಹೆಚ್ಚು ಬೆಳಕು ಕಾಣದಿದ್ದರೆ ಒಳ್ಳೆಯ ಓಟ. ಫಿನ್ ಹತ್ತಿರದಿಂದಲೇ ಬಾಗು ಶುರುವಾದರೆ ಕಡಿದಾದ ದೊಡ್ಡ ಅಲೆಗೆ ಸರಿ, ಸಣ್ಣ ಅಲೆಗೆ ನೀರನ್ನು ತಳ್ಳುತ್ತಾ ನಿಲ್ಲುತ್ತದೆ. ಮೂರು, ಅಂಚು. ಬೆರಳುಗಳನ್ನು ಬಾಲದ ಅಂಚಿನ ಸುತ್ತ ಮಡಚಿ ಹಿಡಿದು ನೋಡಿ. ಡಬ್ಬದಂತೆ ದಪ್ಪವಿದ್ದರೆ ಓರೆ ಮಾಡಿದಾಗ ನೀರಿಗೆ ಕಚ್ಚುವುದಿಲ್ಲ. ಗಾಳಿ ತುಂಬುವ ಬೋರ್ಡ್‌ಗಳನ್ನು ನಾವು ಪಟ್ಟಿಯಿಂದಲೇ ಬಿಟ್ಟಿದ್ದು ಇದಕ್ಕೆ: 15 ಸೆಂಟಿಮೀಟರ್ ದಪ್ಪದ ದುಂಡನೆಯ ಅಂಚು ಯಾವ ಅಲೆಗೂ ಕಚ್ಚುವುದಿಲ್ಲ, ಮಾಸ್ಟಿನ ಬುಡದಲ್ಲಿ ಮೈ ಬಾಗುತ್ತದೆ.

ನಾಲ್ಕನೆಯದು ಡ್ಯಾಗರ್‌ಬೋರ್ಡ್ (ಬೋರ್ಡಿನ ನಡುವಿನ ಸೀಳಿನಿಂದ ನೀರಿಗಿಳಿಯುವ, ಒಳಗೆ ಮಡಚಬಹುದಾದ ಹಲಗೆ) ಇರುವ ಉದ್ದದ ಬೋರ್ಡ್. 366 ಸೆಂಟಿಮೀಟರಿನ ವಿಂಡ್‌ಸರ್ಫರ್ ಎಲ್‌ಟಿ, 293 ಸೆಂಟಿಮೀಟರ್ ಉದ್ದ, 79 ಅಗಲ, 205 ಲೀಟರಿನ ಟೆಕ್ನೋ 293 ಇಂಥವು. 6 ನಾಟ್ ಗಾಳಿಯಲ್ಲೂ ಗಾಳಿಗೆದುರಾಗಿ ಏರಲು ಇವಕ್ಕೆ ಸಾಟಿಯಿಲ್ಲ. ಉದ್ದಕ್ಕೆ ಹರಡಿದ, ನಿಧಾನವಾಗಿ ಉರುಳುವ ಅಲೆಯಿದ್ದರೆ ಎಲ್‌ಟಿ ದೂರದಿಂದಲೇ ಅದನ್ನು ಹಿಡಿಯುತ್ತದೆ, ಆ ಜಾರುವಿಕೆಯ ಸುಖವೇ ಬೇರೆ. ಅಲೆ ಹತ್ತುವ ಮೊದಲು ಡ್ಯಾಗರ್‌ಬೋರ್ಡನ್ನು ಕಾಲಿನಿಂದ ಒತ್ತಿ ಪೂರ್ತಿ ಒಳಗೆ ಮಡಚಲೇಬೇಕು. ಕೆಳಗಿದ್ದರೆ ವೇಗ ಬಂದಾಗ ಬೋರ್ಡ್ ಒಂದು ಅಂಚಿನ ಮೇಲೆ ಎದ್ದು ಮಗುಚುತ್ತದೆ. ದಡದಲ್ಲೇ ಧಡಾರನೆ ಒಡೆಯುವ ಅಲೆಯಿದ್ದಲ್ಲಿ ಇಷ್ಟು ಉದ್ದ, ಇಷ್ಟು ಭಾರದ ಬೋರ್ಡ್ ಅಪಾಯ. ಡ್ಯಾಗರ್‌ಬೋರ್ಡಿನ ಸೀಳಿಗೆ ಮರಳು, ಸಣ್ಣ ಕಲ್ಲು ಸೇರಿ ಸಿಕ್ಕಿಕೊಳ್ಳುವುದೂ ಅಲ್ಲೇ.

ಹಾಯಿ ಚಿಕ್ಕದೇ ಇರಲಿ. 75 ಕಿಲೋದವರಿಗೆ 5.3ರಿಂದ 5.8 ಚದರ ಮೀಟರಿನ ವೇವ್ ಹಾಯಿ, ಹೆಚ್ಚು ಕಾರ್ಬನ್ ಇರುವ 400 ಅಥವಾ 430 ಸೆಂಟಿಮೀಟರಿನ ಮಾಸ್ಟ್. 7.5ರ ಹಾಯಿಗೆ ಉದ್ದದ ಮಾಸ್ಟ್, ಎರಡು ಮೀಟರ್ ಬೂಮ್ ಬೇಕು. ಅಲೆಯ ಮೇಲೆ ಅದನ್ನು ತಿರುಗಿಸುವುದೇ ಕಷ್ಟ, ನೊರೆಯಲ್ಲಿ ಬಿದ್ದರೆ ಮಾಸ್ಟ್ ಮುರಿಯುವ ಸಂಭವವೂ ಹೆಚ್ಚು. ಡೌನ್‌ಹಾಲನ್ನು (ಹಾಯಿಯನ್ನು ಮಾಸ್ಟಿನ ಬುಡಕ್ಕೆ ಬಿಗಿಯುವ ಹಗ್ಗ) ಎಂದಿನದಕ್ಕಿಂತ ಒಂದು ಸೆಂಟಿಮೀಟರ್ ಸಡಿಲಿಸಿ, ಔಟ್‌ಹಾಲನ್ನು (ಬೂಮ್‌ನ ತುದಿಗೆ ಬಿಗಿಯುವ ಹಗ್ಗ) ಎರಡು. ಹಾಯಿಯ ಹೊಟ್ಟೆ ತುಂಬಿ ಬೂಮ್‌ಗೆ ತಾಗುವ ಹಾಗಾದರೆ ಸಾಕು.

ಸಪ್ ಬೋರ್ಡ್ ಕೊಂಡವರ ಸಾಮಾನ್ಯ ದೂರು, ಗಾಳಿಗೆದುರು ಏರುವುದಿಲ್ಲ, ದಡದುದ್ದಕ್ಕೂ ಕೆಳಗೆ ಕೊಚ್ಚಿಹೋಗುತ್ತೇವೆ ಎಂಬುದು. ದೂರು ನಿಜ. ಬೋರ್ಡಿನ ಜೊತೆ ಬರುವ ಮಧ್ಯದ ಫಿನ್ 20-21 ಸೆಂಟಿಮೀಟರಿನದಾದರೆ ಅದನ್ನು 24-25ಕ್ಕೆ ಬದಲಿಸಿ. ಫಿನ್ ಬಾಕ್ಸ್ ಉದ್ದದ ಸೀಳಿನ ಬಗೆಯದಾದರೆ, ಫಿನ್ ಹಿಂದಕ್ಕೆ ಸರಿಸಿದಷ್ಟೂ ಓಟ ನೇರ, ಮುಂದಕ್ಕೆ ಸರಿಸಿದಷ್ಟೂ ತಿರುವು ಸುಲಭ. ಉಳಿದದ್ದು ಕಾಲಿನ ಕೆಲಸ. ಎರಡೂ ಪಾದ ಮಾಸ್ಟಿನ ಹತ್ತಿರ, ಗಾಳಿ ಹೋಗುವ ಕಡೆಯ ಅಂಚನ್ನು ಬೆರಳಿನಿಂದ ತುಸು ನೀರಿಗೆ ಒತ್ತಿ, ಹಾಯಿ ನೆಟ್ಟಗೆ. ಆಗ ಬೋರ್ಡಿನ ಇಡೀ ಅಂಚೇ ಡ್ಯಾಗರ್‌ಬೋರ್ಡಿನಂತೆ ನೀರನ್ನು ಹಿಡಿಯುತ್ತದೆ. ಪ್ಲೇನಿಂಗ್ ಅಭ್ಯಾಸದವರು ಹಿಂದಿನ ಕಾಲಿನಿಂದ ಫಿನ್ ತಳ್ಳುತ್ತಾರೆ. ನಿಧಾನದ ಓಟದಲ್ಲಿ ಹಾಗೆ ತಳ್ಳಿದರೆ ಬಾಲ ಪಕ್ಕಕ್ಕೆ ಜಾರುತ್ತದೆ.

ಬಳಸಿದ ಬೋರ್ಡ್ ಕೊಳ್ಳುವವರು ತೂಗುವ ಕೊಕ್ಕೆ ತಕ್ಕಡಿ ಒಯ್ಯಿರಿ. ತಯಾರಕರು ಹೇಳಿದ ತೂಕಕ್ಕಿಂತ ಒಂದು ಕಿಲೋಗೂ ಹೆಚ್ಚಿದ್ದರೆ ಒಳಗೆ ನೀರು ಸೇರಿರಬಹುದು ಎಂದೇ ಹಿಡಿಯಿರಿ. ಹಿಮ್ಮಡಿ ಊರುವ ಜಾಗದಲ್ಲಿ ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಮೆತ್ತಗೆ ತಗ್ಗಿದರೆ ಮೇಲ್ಪದರ ಒಳಗಿನ ಫೋಮಿನಿಂದ ಬಿಟ್ಟುಕೊಂಡಿದೆ. ಸಪ್ ಬೋರ್ಡಿಗೆ ಮೇಲೆ ಸ್ಪಂಜಿನ ಹಾಸು ಇರುವುದರಿಂದ ಬರೀ ಒತ್ತಿದರೆ ತಿಳಿಯದು, ಗೆಣ್ಣಿನಿಂದ ತಟ್ಟಿ: ಗಟ್ಟಿ ಜಾಗ ಟಕ್ ಎನ್ನುತ್ತದೆ, ಕೆಟ್ಟ ಜಾಗ ದಬ್ ಎನ್ನುತ್ತದೆ. ಮಾಸ್ಟ್ ಟ್ರ್ಯಾಕ್ ಸುತ್ತ ಕೂದಲೆಳೆಯ ಬಿರುಕು, ಬೋರ್ಡಿನೊಳಗಿನ ಗಾಳಿ ಹೊರಬಿಡುವ ತಿರುಪಿನ ಕೆಳಗಿನ ರಬ್ಬರ್ ಬಳೆ, ಇವೆರಡನ್ನೂ ನೋಡಿ. ಬಿಸಿಲಿಗೆ ಕಾದ ಬೋರ್ಡನ್ನು ತಣ್ಣೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗಿ ಎಂಥ ಸಣ್ಣ ಬಿರುಕಿನಿಂದಲೂ ನೀರು ಎಳೆದುಕೊಳ್ಳುತ್ತದೆ. ದುರಸ್ತಿಗೆ ಎಪಾಕ್ಸಿ ಮಾತ್ರ. ಪಾಲಿಯೆಸ್ಟರ್ ರೆಸಿನ್ ತಾಗಿದರೆ ಒಳಗಿನ ಬಿಳಿ ಫೋಮ್ ಕರಗಿಹೋಗುತ್ತದೆ.

ಅಳತೆಯ ವಿಷಯದಲ್ಲಿ ನಮ್ಮ ಅಭಿಪ್ರಾಯ: 60ರಿಂದ 80 ಕಿಲೋದವರು 265ರಿಂದ 285 ಸೆಂಟಿಮೀಟರ್, 130ರಿಂದ 145 ಲೀಟರ್. 85 ದಾಟಿದವರು 290ರ ಆಸುಪಾಸು, 150ಕ್ಕೂ ಮೇಲೆ, ಅಗಲ 80. ಎರಡು ಅಳತೆಗಳ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಉದ್ದದ್ದನ್ನು ಆರಿಸಿ, ಅಗಲದ್ದನ್ನು ಬೇಡ. ಅಗಲ ನಿಲ್ಲಲು ಸುಲಭ ಮಾಡಿದರೂ ತಿರುವಿನಲ್ಲಿ ಅದರ ಬೆಲೆ ಕಟ್ಟಬೇಕಾಗುತ್ತದೆ.

ಗಾಳಿ 15 ನಾಟ್ ಮುಟ್ಟಿದ ದಿನ ಈ ಬೋರ್ಡನ್ನು ದಡಕ್ಕೆ ತನ್ನಿ. ಮೂತಿಗೆ ಗಾಳಿ ಹಿಡಿದು ಎತ್ತುತ್ತದೆ, ಸಣ್ಣ ಉಬ್ಬುಗಳ ಮೇಲೂ ತಳ ಪಟಪಟ ಬಡಿಯುತ್ತದೆ. ಅಲೆ ಎದೆಯೆತ್ತರ ದಾಟಿದರೂ ಹಾಗೆಯೇ: ಬಿದ್ದಾಗ 10 ಕಿಲೋ ಬೋರ್ಡ್ ಅಲೆಯ ಜೊತೆ ದಡದ ಕಡೆಗೆ ಬರುತ್ತದೆ, ಆಗ ಅದರ ದಡದ ಬದಿಯಲ್ಲಿ ಯಾರೂ ನಿಂತಿರಬಾರದು.